ಅಂಚೆಯಲ್ಲಿ ಹೋದ ಉಂಗುರ

ನಾನು ಹುಟ್ಟಿದಾಗ ನನ್ನನ್ನು ಮೊದಲು ತೂಗಿದ್ದು ಆಸ್ಪತ್ರೆಯ ತಕ್ಕಡಿಯಲ್ಲ, ದೊಡ್ಡಮ್ಮನ ಕೈ. ಅಮ್ಮನ ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ನನ್ನನ್ನು ಎತ್ತಿಕೊಂಡು, ಮುಖ ಕೂಡ ನೋಡದೆ, ಎರಡು ಸಲ ಮೇಲೆ ಕೆಳಗೆ ಆಡಿಸಿ, "ಎರಡು ಕಿಲೋ ಒಂಬೈನೂರು, ಬಟ್ಟೆ ಬಿಟ್ಟು," ಎಂದಳಂತೆ. ನರ್ಸಮ್ಮ ನಗುತ್ತಲೇ ತೂಕಕ್ಕೆ ಹಾಕಿದರೆ ಎರಡು ಕಿಲೋ ಒಂಬೈನೂರ ಹತ್ತು. ಆ ಹತ್ತು ಗ್ರಾಂ ಆಸ್ಪತ್ರೆಯ ತಕ್ಕಡಿಯದೇ ತಪ್ಪು ಎಂದು ದೊಡ್ಡಮ್ಮ ಮೂವತ್ತು ವರ್ಷ ವಾದಿಸಿದಳು. ನಮ್ಮ ಮನೆಯಲ್ಲಿ ಯಾರೂ ಅದನ್ನು ಅಲ್ಲಗಳೆಯಲು ಹೋಗಲಿಲ್ಲ. ನಮಗೆಲ್ಲ ಅವಳು ತಕ್ಕಡಿ ದೊಡ್ಡಮ್ಮ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಅಂಚೆ ಕಚೇರಿಯ ಪಾರ್ಸೆಲ್ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತವಳು. ಜನ ಕಟ್ಟು ತಂದು ಅವಳ ಕೈಗಿಟ್ಟರೆ ತಕ್ಕಡಿಯ ಮುಳ್ಳು ನಿಲ್ಲುವ ಮೊದಲೇ ಇವಳು ಗ್ರಾಂ ಹೇಳಿ ರಶೀದಿ ಪುಸ್ತಕ ತೆರೆದಿರುತ್ತಿದ್ದಳು. ಹೊಸದಾಗಿ ಬಂದ ಅಧಿಕಾರಿಯೊಬ್ಬರು ಇದನ್ನು ನಂಬದೆ ಇಟ್ಟಿಗೆ ಚೂರು, ಹತ್ತಿ, ಬೀಗದ ಕೈ ಎಲ್ಲ ಸೇರಿಸಿ ಕಟ್ಟಿಸಿ ತಂದು ಪರೀಕ್ಷೆ ಮಾಡಿ, ಮುಖ ಸಪ್ಪೆ ಮಾಡಿಕೊಂಡು ಹೋದರಂತೆ.

ಅವಳಿಗೆ ಎರಡು ನಿಯಮ. ಒಂದು, ಒಳಗೇನಿದೆ ಅನ್ನುವುದು ನಮಗೆ ಸಂಬಂಧವಿಲ್ಲ. ಎರಡು, ಒಂದು ಸಲ ಅರಗು ಹಾಕಿ ಮೊಹರು ಒತ್ತಿದ್ದನ್ನು ವಿಳಾಸದವರು ಬಿಟ್ಟು ಬೇರೆ ಯಾರೂ ಒಡೆಯಬಾರದು. ಇದರ ಜೊತೆಗೆ ಕಿಟಕಿಗೆ ಬಂದವರಿಗೆಲ್ಲ ಒಂದು ಬುದ್ಧಿವಾದ ಪುಕ್ಕಟೆ: "ಬೆಲೆಬಾಳೋದು ಏನಾದ್ರೂ ಇದ್ರೆ ಬೆಲೆ ಬರೆಸಿ, ವಿಮೆ ಮಾಡಿಸಿ, ರಶೀದಿ ಜೋಪಾನ. ಎಲ್ಲಾ ಆದ್ಮೇಲೆ ಬಂದು ನನ್ನ ಕಿಟಕಿ ಮುಂದೆ ಅಳಬೇಡಿ." ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂತಾರಲ್ಲ, ಅದು ನಮ್ಮ ದೊಡ್ಡಮ್ಮನಿಗೂ ಅನ್ವಯಿಸೀತು ಅಂತ ಯಾರು ತಾನೇ ಎಣಿಸಿದ್ದರು?

ನಿವೃತ್ತಿಯಾದ ಮೇಲೆ ಅವಳು ಮನೆಯನ್ನೇ ಅಂಚೆ ಕಚೇರಿ ಮಾಡಿದಳು. ನಾನೂ ನನ್ನ ಗಂಡನೂ ಅವಳ ಮನೆಯ ಮಹಡಿಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೇವೆ, ಆದ್ದರಿಂದ ಇದನ್ನೆಲ್ಲ ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಗುಂಡಿ, ಸೂಜಿ, ಹಳೇ ಬೀಗದ ಕೈ, ದೊಡ್ಡಪ್ಪನ ಮುರಿದ ಕನ್ನಡಕ, ಎಲ್ಲವೂ ಬಿಳಿ ಬಟ್ಟೆಯ ಪುಟ್ಟ ಚೀಲಗಳಲ್ಲಿ, ಬಾಯಿಗೆ ದಾರ, ದಾರದ ಗಂಟಿಗೆ ಕೆಂಪು ಅರಗು. ಚೀಲದ ಮೇಲೆ ಒಳಗಿರುವ ವಸ್ತುವಿನ ಹೆಸರು ಬರೆಯುವುದಿಲ್ಲ, ತೂಕ ಮಾತ್ರ. ಒಂದು ಸಲ ಸೂಜಿ ಕೇಳಿದ್ದಕ್ಕೆ "ಮೂರನೇ ಅರೆ, ಬಲಗಡೆ, ಹದಿನಾರೂವರೆ" ಎಂದಳು. ಸೂಜಿ ಬೇಕು ಅಂದರೆ ಹದಿನಾರೂವರೆ ಗ್ರಾಂ ಹುಡುಕಬೇಕಾದ ಮನೆ ಪ್ರಪಂಚದಲ್ಲಿ ಇದೊಂದೇ ಇರಬೇಕು.

"ಹೆಸರು ಬರೆದರೆ ನಿನ್ನ ಗಂಟೇನು ಹೋಗತ್ತೆ ದೊಡ್ಡಮ್ಮಾ?" ಅಂತ ಕೇಳಿದ್ದೆ.

"ಹೆಸರು ಬರೆದ್ರೆ ಕಳ್ಳನಿಗೆ ಕೆಲಸ ಸುಲಭ," ಅಂದಿದ್ದಳು. ಅವಳ ಮಾತಿಗೆ ಎದುರು ಮಾತಾಡಿ ಗೆದ್ದವರಿಲ್ಲ.

ಅಂಥ ಒಂದು ಚೀಲದಲ್ಲಿ ಅಜ್ಜಿಯ ಉಂಗುರವಿತ್ತು.

ಅಜ್ಜಿ ಅಂದರೆ ಅಮ್ಮ, ದೊಡ್ಡಮ್ಮ ಇಬ್ಬರನ್ನು ಹೆತ್ತವಳು. ಗಂಡ ಹೋದ ಮೇಲೆ ಬೀದಿ ಮೂಲೆಯ ಒಂದು ಕೋಣೆಯಲ್ಲಿ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಹಿಡಿದು ಊರವರ ಬಟ್ಟೆ ಇಸ್ತ್ರಿ ಮಾಡಿ ಇಬ್ಬರನ್ನೂ ಓದಿಸಿದವಳು. ಬಲಗೈ ಬೆರಳಿನ ಆ ಉಂಗುರವನ್ನು ಅವಳು ಎಂದೂ ತೆಗೆಯಲಿಲ್ಲವಂತೆ. ಇಸ್ತ್ರಿಪೆಟ್ಟಿಗೆಯ ಹಿಡಿ ಉಜ್ಜಿ ಉಜ್ಜಿ ಉಂಗುರ ಅಂಗೈ ಕಡೆ ಸವೆದು ದಾರದಷ್ಟು ತೆಳ್ಳಗಾಗಿತ್ತು, ಮೇಲ್ಗಡೆ ಮಾತ್ರ ದಪ್ಪ. ಅಂಗಡಿಯವರ ಕಣ್ಣಿಗೆ ಅದು ಹಾಳಾದ ಉಂಗುರ. ನಮ್ಮ ಕಣ್ಣಿಗೆ ಅದು ಅಜ್ಜಿಯ ಇಡೀ ಜೀವನ.

ಅಜ್ಜಿ ತೀರಿಕೊಂಡಾಗ ಇದ್ದದ್ದು ಒಂದು ಉಂಗುರ, ಇಬ್ಬರು ಹೆಣ್ಣುಮಕ್ಕಳು. ಜಗಳವಾಗಲಿಲ್ಲ. ಒಂದು ವರ್ಷ ಅಕ್ಕನ ಹತ್ತಿರ, ಒಂದು ವರ್ಷ ತಂಗಿಯ ಹತ್ತಿರ ಎಂದು ಮಾತಾಯಿತು. ಅಜ್ಜಿ ಹೋದ ತಾರೀಖಿನಂದು ಕೈಯಿಂದ ಕೈಗೆ ಕೊಡಬೇಕು. ಹದಿನಾಲ್ಕು ವರ್ಷದಿಂದ ಹಾಗೇ ನಡೆದಿತ್ತು. ಅಮ್ಮ ತನ್ನ ವರ್ಷದಲ್ಲಿ ಆ ಉಂಗುರವನ್ನು ಬೆರಳಲ್ಲೇ ಹಾಕಿಕೊಂಡಿರುತ್ತಿದ್ದಳು, ಪಾತ್ರೆ ತೊಳೆಯುವಾಗಲೂ. ದೊಡ್ಡಮ್ಮ ತನ್ನ ವರ್ಷದಲ್ಲಿ ಅದನ್ನು ಬಂದ ದಿನವೇ ತೂಗಿ, ಚೀಲಕ್ಕೆ ಹಾಕಿ, ಅರಗು ಒತ್ತಿ, ಚೀಲ ಸೇರಿ ಏಳು ಪಾಯಿಂಟ್ ನಾಲ್ಕು ಎಂದು ಬರೆದು, ಬೀರುವಿನ ಒಳಗಿನ ತಗಡಿನ ಡಬ್ಬಿಯಲ್ಲಿ ಎಡಗಡೆ ಇಡುತ್ತಿದ್ದಳು. ಈ ವರ್ಷ ಅವಳ ಸರದಿ.

ಅದೇ ಡಬ್ಬಿಯ ನಡುವೆ ಒಂದು, ಬಲಗಡೆ ಒಂದು, ಬೇಡವಾದ ಚಿನ್ನದ ಎರಡು ಚೀಲ. ನಡುವಿನದರಲ್ಲಿ ಕೊಂಡಿ ಮುರಿದ ಸರ. ಬಲಗಡೆಯದರಲ್ಲಿ ಜೊತೆ ಕಳೆದುಕೊಂಡ ಒಂಟಿ ಓಲೆ, ಬಾಗಿದ ಮೂಗುಬೊಟ್ಟು, ಇನ್ನಿತರ ಚೂರುಪಾರು. ಆ ಚೂರುಪಾರಿನ ಚೀಲದ ತೂಕವೂ ಏಳು ಪಾಯಿಂಟ್ ನಾಲ್ಕು. ಹೀಗೆ ಒಂದೇ ತೂಕ ಬಂದಿದ್ದು ಅವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. "ಎಡಗಡೆ ಅಮ್ಮಂದು, ಬಲಗಡೆ ಕಸ" ಎಂದು ತಮಾಷೆಯಾಗಿ ಹೇಳುತ್ತಿದ್ದಳು.

ಇನ್ನು ದೊಡ್ಡಪ್ಪ. ಮುದ್ರಣಾಲಯದ ದೊಡ್ಡ ಯಂತ್ರದ ಪಕ್ಕದಲ್ಲಿ ಆಯುಷ್ಯ ಕಳೆದವರು, ಕಿವಿ ಎರಡನ್ನೂ ಅಲ್ಲೇ ಬಿಟ್ಟು ಬಂದರು. ಎರಡು ಕಿವಿಗೂ ಯಂತ್ರ ಹಾಕಿಸಬೇಕೆಂದು ವೈದ್ಯರು ಹೇಳಿದಾಗ, "ಮೂವತ್ತು ವರ್ಷ ಗದ್ದಲ ಕೇಳಿದೀನಿ, ಈಗಾದ್ರೂ ಆರಾಮಾಗಿರ್ತೀನಿ ಬಿಡಿ," ಎಂದು ಕೈ ಆಡಿಸಿಬಿಟ್ಟರು. ದೊಡ್ಡಮ್ಮ ಬಿಡಬೇಕಲ್ಲ. ದಿನವೆಲ್ಲ ಒಬ್ಬಳೇ ಮಾತಾಡಿಕೊಂಡು ಸಾಕಾಗಿದೆ, ಕೂಗಿ ಕೂಗಿ ಗಂಟಲು ಹರಿದು ಹೋಗಿದೆ ಎಂದು ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಅವರಿಗೆ ಹೇಳದೆ, ಇರುವ ಬೇಡದ ಚಿನ್ನ ಮಾರಿ ಕಿವಿಯ ಯಂತ್ರ ತಂದು ಮುಂದಿಡಬೇಕು ಅನ್ನುವುದು ಅವಳ ಗುಟ್ಟು.

ಆಗ ಬಂತು ನೋಡಿ, ಪತ್ರಿಕೆಯ ಅರ್ಧ ಪುಟದ ಜಾಹೀರಾತು. ಮೂಲೆಯಲ್ಲಿ ಬಿದ್ದಿರುವ ಚಿನ್ನಕ್ಕೆ ಮನೆ ಬಾಗಿಲಲ್ಲೇ ಬೆಲೆ, ಅಂಚೆ ವೆಚ್ಚ ನಮ್ಮದು, ಲಕೋಟೆ ನಾವೇ ಕಳಿಸುತ್ತೇವೆ, ನೀವು ಹಾಕಿ ಅಂಟಿಸಿ ಡಬ್ಬಕ್ಕೆ ಬಿಟ್ಟರೆ ಸಾಕು.

"ಬೀದಿ ಮೂಲೇಲಿ ಅಕ್ಕಸಾಲಿಗರ ಅಂಗಡಿ ಇದ್ಯಲ್ಲ, ಕಣ್ಣೆದುರೇ ತೂಗಿ ಕೊಡ್ತಾರೆ," ಎಂದೆ ನಾನು.

"ಅವನಾ? ದಿನಾ ಸಂಜೆ ನಿಮ್ಮ ದೊಡ್ಡಪ್ಪನ ಜೊತೆ ಚದುರಂಗ ಆಡ್ತಾನೆ. ನಾನು ಅಂಗಡಿ ಮೆಟ್ಟಿಲು ಇಳಿಯೋದ್ರೊಳಗೆ ಸುದ್ದಿ ಮನೇಲಿರತ್ತೆ. ಅಲ್ದೆ, ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ವಂತೆ."

"ಹಾಗಾದ್ರೆ ಮುಖಾನೇ ನೋಡದವ್ರು ಬಿಡ್ತಾರಾ?"

"ಅಂಚೇಲಿ ಹೋಗತ್ತೆ ಕಣೆ. ಅಂಚೇಲಿ ಹೋಗಿದ್ದು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗತ್ತೆ."

ಈ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ನನಗೆ ಈಗಲೂ ಹೊಟ್ಟೆ ಉರಿಸುತ್ತದೆ. ಲಕೋಟೆ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು. ಅಲ್ಲಿಗೆ ಹೋದ ಮೇಲೆ ಏನಾಗುತ್ತದೆ ಎಂದು ಯೋಚಿಸುವುದು ಅವಳ ಕಿಟಕಿಯ ಕೆಲಸ ಆಗಿರಲೇ ಇಲ್ಲ.

ಒಂದು ಸೋಮವಾರ, ದೊಡ್ಡಪ್ಪ ಸ್ನಾನಕ್ಕೆ ಹೋದಾಗ, ಅವಳು ಡಬ್ಬಿ ತೆಗೆದು ನಡುವಿನ ಚೀಲವನ್ನೂ ಬಲಗಡೆಯ ಚೀಲವನ್ನೂ ಎತ್ತಿ ಕೈಯಲ್ಲಿ ಆಡಿಸಿದಳು. ನಾನು ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದೆ, ಆಗ ನಾನು ಏಳು ತಿಂಗಳ ಬಸುರಿ. "ಹದಿನಾಲ್ಕು. ಏಳೂ ನಾಲ್ಕು. ಸರಿ," ಎಂದಳು. ಚೀಲ ಒಡೆಯಲಿಲ್ಲ, ಒಳಗೆ ಇಣುಕಲಿಲ್ಲ. ಹಾಗೇ ಲಕೋಟೆಗೆ ಹಾಕಿ ಅಂಟಿಸಿದಳು. ಅದನ್ನು ಅಂಚೆ ಕಚೇರಿಯ ಕಿಟಕಿಗೂ ಒಯ್ಯಲಿಲ್ಲ. ಒಯ್ದರೆ ಈಗ ಅಲ್ಲಿ ಕೂತಿರುವ ಹುಡುಗಿ, ಇವಳೇ ಕೆಲಸ ಕಲಿಸಿದವಳು, "ಮೇಡಂ, ಬೆಲೆ ಎಷ್ಟು ಬರೀಲಿ?" ಎಂದು ಕೇಳುತ್ತಾಳೆ, ಮಾತು ಹೊರಬೀಳುತ್ತದೆ. ಬೆಲೆ ಬರೆಸಲಿಲ್ಲ, ವಿಮೆ ಮಾಡಿಸಲಿಲ್ಲ, ರಶೀದಿ ಇಲ್ಲ. ತಾನು ಸಾವಿರಾರು ಜನರಿಗೆ ಮಾಡಬೇಡಿ ಎಂದಿದ್ದನ್ನು ಒಂದೊಂದಾಗಿ ಮಾಡಿ, ಲಕೋಟೆಯನ್ನು ಬೀದಿಯ ಕೆಂಪು ಡಬ್ಬಕ್ಕೆ ಬಿಟ್ಟಳು. ಉತ್ತರ ಕೂಡ ಮನೆಗೆ ಬರಬಾರದೆಂದು ಅಂಚೆ ಕಚೇರಿಯಲ್ಲೇ ಇಟ್ಟುಕೊಳ್ಳುವ ಹಾಗೆ ವಿಳಾಸ ಕೊಟ್ಟಿದ್ದಳು. ಶನಿವಾರಕ್ಕೊಮ್ಮೆ ಹಳೇ ಗೆಳತಿಯರನ್ನು ಮಾತಾಡಿಸುವ ನೆಪದಲ್ಲಿ ಹೋಗಿ ನೋಡಿಕೊಂಡು ಬರುವುದು.

ಮೊದಲ ಶನಿವಾರ ಏನೂ ಬಂದಿರಲಿಲ್ಲ. ಎರಡನೇ ಶನಿವಾರ ಮಧ್ಯಾಹ್ನ ಅವಳು ಮಹಡಿ ಮೆಟ್ಟಿಲು ಹತ್ತಿ ಬಂದ ಸದ್ದಿಗೇ ನನಗೆ ಏನೋ ಆಗಿದೆ ಅನ್ನಿಸಿತು. ಕೈಯಲ್ಲಿ ಒಂದು ಕಾಗದ, ಅದಕ್ಕೆ ಪಿನ್ನು ಹಾಕಿದ ಒಂದು ಚೆಕ್ಕು. ಮುಖ ಕೆಂಪಾಗಿತ್ತು.

"ಹಗಲು ದರೋಡೆ! ಇಷ್ಟಕ್ಕೆ ಒಂದು ಕಿವಿಯ ಯಂತ್ರದ ಕಾಲು ಭಾಗಾನೂ ಬರಲ್ಲ. ಚೀಲ ಬಿಟ್ಟು ಸರ ಹನ್ನೆರಡು ಇದ್ದಿದ್ದು, ಒಂಬತ್ತು ಅಂತ ಬರೆದಿದಾರೆ. ನನ್ನ ಕೈಗೆ ಸುಳ್ಳು ಹೇಳ್ತಾರಾ ಇವರು?" ಎಂದು ಕುರ್ಚಿಯಲ್ಲಿ ಕೂತಳು. "ಅದಿರ್ಲಿ, ಇನ್ನೊಂದು ತಮಾಷೆ ನೋಡು. ಯಾರದೋ ಉಂಗುರ ನನ್ನ ಪಟ್ಟಿಗೆ ಸೇರಿಸಿದಾರೆ."

"ಯಾವ ಉಂಗುರ?"

"ಓದು. 'ಉಂಗುರ, ಒಂದು, ಸವೆದದ್ದು.' ನಾನೆಲ್ಲಿ ಉಂಗುರ ಕಳಿಸಿದೀನಿ? ಒಂಟಿ ಓಲೆ, ಮೂಗುಬೊಟ್ಟು ಅಂತ ಇರಬೇಕಿತ್ತು, ಅದ್ಯಾವ್ದೂ ಇಲ್ಲ. ಯಾರ ಲಕೋಟೆಗೋ ನನ್ನದು ಸೇರಿಸಿ, ಅವರದು ನನಗೆ ಹಚ್ಚಿದಾರೆ. ಪಾಪ, ಅದು ಯಾವ ತಾಯಿ ಉಂಗುರವೋ ಏನೋ. ಸೋಮವಾರ ಬರೆದು ಹಾಕ್ತೀನಿ, ವಾಪಸ್ಸು ಕೊಡಿಸ್ಬೇಕು."

ನಾನು ಕಾಗದ ಓದಿದೆ. ಸವೆದದ್ದು ಎಂಬ ಪದದ ಹತ್ತಿರ ನನ್ನ ಕಣ್ಣು ನಿಂತುಬಿಟ್ಟಿತು.

"ದೊಡ್ಡಮ್ಮಾ, ಎಡಗಡೆ ಚೀಲ ಒಂದ್ಸಲ ತೆಗೆದು ನೋಡೋಣ."

"ಅದು ಮೊಹರು ಹಾಕಿರೋದು."

"ಗೊತ್ತು. ನೋಡೋಣ ನಡಿ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಎದ್ದಳು. ಕೆಳಗೆ ಹೋಗಿ ಬೀರು ತೆರೆದು, ಡಬ್ಬಿ ತಂದು ಊಟದ ಮೇಜಿನ ಮೇಲಿಟ್ಟು, ಎಡಗಡೆಯ ಚೀಲ ಎತ್ತಿಕೊಂಡಳು. ಅಭ್ಯಾಸಬಲ, ಅಂಗೈ ಮೇಲೆ ಒಮ್ಮೆ ಆಡಿಸಿದಳು. "ಏಳೂ ನಾಲ್ಕು. ಸರಿಯಾಗೇ ಇದೆ," ಎಂದು ಧೈರ್ಯ ಹೇಳಿದ್ದು ನನಗೋ ತನಗೋ. ಅರಗು ಒಡೆಯಲು ಅವಳಿಗೆ ಕೈ ಬರಲಿಲ್ಲ. ನಾನೇ ಕತ್ತರಿ ತಂದು ದಾರ ಕತ್ತರಿಸಿ ಮೇಜಿನ ಮೇಲೆ ಸುರಿದೆ.

ಒಂಟಿ ಓಲೆ ಬಿತ್ತು. ಬಾಗಿದ ಮೂಗುಬೊಟ್ಟು ಬಿತ್ತು. ಚೂರುಪಾರುಗಳು ಬಿದ್ದವು. ಒಂದು ಚೂರು ಉರುಳಿ ಹೋಗಿ ಉಪ್ಪಿನ ಡಬ್ಬಿಗೆ ತಾಗಿ ನಿಂತಿತು.

ದೊಡ್ಡಮ್ಮ ಚೀಲವನ್ನು ನನ್ನ ಕೈಯಿಂದ ಕಿತ್ತುಕೊಂಡು ಒಳಹೊರಗು ಮಾಡಿ ನೋಡಿದಳು. ಮತ್ತೆ ನೋಡಿದಳು. "ಎಡಗಡೇನೇ ಇಟ್ಟಿದ್ದೆ," ಎಂದಳು. "ಎಡಗಡೇನೇ ಇಟ್ಟಿದ್ದೆ ಕಣೆ."

ಪಕ್ಕದ ಕೋಣೆಯಲ್ಲಿ ರೇಡಿಯೋ ಜೋರಾಗಿ ಹಾಕಿಕೊಂಡು ಕೂತಿದ್ದ ದೊಡ್ಡಪ್ಪ ನೀರು ಕುಡಿಯಲೆಂದು ಬಂದವರು ಮೇಜಿನ ಮೇಲಿದ್ದ ಡಬ್ಬಿ ನೋಡಿದರು. "ಓ ಅದಾ? ಹೋದ ತಿಂಗಳು ಬೀರುವಿಗೆ ಗೆದ್ದಲು ಔಷಧಿ ಹೊಡೆಸಿದ್ವಲ್ಲ, ಆಗ ತೆಗೆದು ವಾಪಸ್ಸು ಇಟ್ಟವನು ನಾನೇ. ಒಂದೂ ಆಚೀಚೆ ಆಗಿಲ್ಲ ನೋಡು, ಮುಚ್ಚಳ ಕೂಡ ತೆಗೆದಿಲ್ಲ," ಎಂದು ಹೆಮ್ಮೆಯಿಂದ ಹೇಳಿ ನೀರು ಕುಡಿದು ಹೋದರು. ಮುಚ್ಚಳ ತೆಗೆದಿರಲಿಲ್ಲ, ನಿಜ. ಡಬ್ಬಿಯನ್ನು ತಿರುಗಿಸಿ ಇಟ್ಟಿದ್ದರು ಅಷ್ಟೆ.

ನಾನು ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಸಂಗೀತ ಕೇಳಿಸಿ ಕೇಳಿಸಿ ಕೊನೆಗೆ ಒಬ್ಬ ಹುಡುಗಿ ಬಂದಳು. ಧ್ವನಿ ಜೇನಿನ ಹಾಗಿತ್ತು.

"ಚೆಕ್ಕು ಹಾಗೇ ಇದೆ, ನಾವು ಬ್ಯಾಂಕಿಗೆ ಹಾಕಿಲ್ಲ," ಎಂದೆ. "ವಾಪಸ್ಸು ಕಳಿಸ್ತೀವಿ. ಉಂಗುರ ಒಂದು ಕೊಡಿ, ಸರ ಬೇಕಾದ್ರೆ ನೀವೇ ಇಟ್ಕೊಳ್ಳಿ. ಹಣಾನೂ ಬೇಡ."

"ಚೆಕ್ಕಿನ ತಾರೀಖು ಹೇಳ್ತೀರಾ ಮೇಡಂ?"

"ಸೋಮವಾರದ್ದು."

"ಕಾಗದದ ಹಿಂದುಗಡೆ ನೋಡಿ ಮೇಡಂ. ಚೆಕ್ಕಿನ ತಾರೀಖಿಂದ ಐದು ದಿನದೊಳಗೆ ಬೇಡ ಅಂತ ಹೇಳದೇ ಇದ್ರೆ ಒಪ್ಪಿಗೆ ಅಂತ ಅರ್ಥ. ನಿನ್ನೆಗೆ ಐದು ದಿನ ಆಯ್ತು."

"ನಮ್ಮ ಕೈಗೆ ಬಂದಿದ್ದೇ ಇವತ್ತು."

"ಅದು ನಮಗೆ ಗೊತ್ತಾಗಲ್ಲ ಮೇಡಂ. ನಿನ್ನೆ ಸಂಜೆ ಕರಗಿಸೋಕೆ ಹೋಗಿದೆ."

"ಹೋಗಿದೆ ಅಂದ್ರೆ? ಕರಗಿಸಿ ಆಯ್ತಾ, ಇನ್ನೂ ಇದ್ಯಾ?"

ಅವಳು ಏನೋ ಒತ್ತಿ ನೋಡಿದಳು, ಅದರ ಟಕಟಕ ಸದ್ದು ಕೇಳಿಸಿತು. "ಆಗಿದೆ ಮೇಡಂ. ಬೇರೆ ಏನಾದ್ರೂ ಸಹಾಯ ಬೇಕಾ?"

ಕಾಗದ ತಿರುಗಿಸಿದೆ. ಹಿಂದುಗಡೆ ಇರುವೆ ಸಾಲಿನಂಥ ಅಕ್ಷರದಲ್ಲಿ ಎಲ್ಲ ಇತ್ತು. ತೂಕ ಅವರು ಹೇಳಿದ್ದೇ ಅಂತಿಮ. ದಾರಿಯಲ್ಲಿ ಕಳೆದರೆ ಅವರು ಕೊಡುವುದು ಒಂದು ಜೊತೆ ಚಪ್ಪಲಿಯ ಬೆಲೆ. ಉತ್ತರ ಬಾರದಿದ್ದರೆ ಒಪ್ಪಿಗೆ. ಸುಮ್ಮನಿರುವುದೂ ಒಪ್ಪಿಗೆ ಅನ್ನುವ ಈ ನ್ಯಾಯವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ! ಜಾಹೀರಾತಿನಲ್ಲಿ ಅರ್ಧ ಪುಟ ನಕ್ಕವರಿಗೆ ಐದು ದಿನ ಎಂಬುದನ್ನು ಮುಂದುಗಡೆ ಬರೆಯಲು ಜಾಗ ಇರಲಿಲ್ಲ.

"ವಿಳಾಸ ಹೇಳು, ನಾನೇ ಹೋಗ್ತೀನಿ," ಎಂದಳು ದೊಡ್ಡಮ್ಮ. ಸೀರೆ ಸರಿಮಾಡಿಕೊಂಡು ಆಗಲೇ ಚಪ್ಪಲಿ ಮೆಟ್ಟಿದ್ದಳು. "ಬಾಗಿಲಲ್ಲಿ ಕೂತ್ಕೊತೀನಿ. ಕೊಡೋ ತನಕ ಏಳಲ್ಲ."

ನಾನು ಓದಿ ಹೇಳಿದೆ. ಒಂದು ಪೆಟ್ಟಿಗೆ ಸಂಖ್ಯೆ, ಒಂದು ಅಂಚೆ ಕಚೇರಿಯ ಹೆಸರು. ಬೀದಿ ಇಲ್ಲ, ಮನೆ ನಂಬರಿಲ್ಲ.

ಆ ಮುಖವನ್ನು ನಾನು ಮರೆಯಲಾರೆ. ಪೆಟ್ಟಿಗೆ ಸಂಖ್ಯೆ ಅಂದರೆ ಏನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಚೇರಿಯ ಗೋಡೆಗೆ ಕೂಡಿಸಿದ, ಅಂಗೈ ಅಗಲದ ಒಂದು ಕಬ್ಬಿಣದ ಬಾಗಿಲು. ಯಾರೋ ಬರುತ್ತಾರೆ, ಬೀಗ ತೆಗೆಯುತ್ತಾರೆ, ಕಾಗದ ತೆಗೆದುಕೊಂಡು ಹೋಗುತ್ತಾರೆ. ಅಂಥ ನೂರಾರು ಪೆಟ್ಟಿಗೆಗಳಿಗೆ ಇವಳೇ ಮೂವತ್ತೊಂದು ವರ್ಷ ಕಾಗದ ತುಂಬಿದವಳು, ತೆಗೆಯುವವರು ಯಾರೆಂದು ಎಂದೂ ಕೇಳದವಳು. ಲಕೋಟೆಯ ಮೇಲೆ ಅದೇ ಸಂಖ್ಯೆ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದರೂ ಅವಳಿಗೆ ಅದು ಕಣ್ಣಿಗೆ ಹೊಡೆಯಲಿಲ್ಲ. ನನಗೆ ಹೊಡೆಯಬಹುದಿತ್ತು. ನಾನೂ ನೋಡಿರಲಿಲ್ಲ.

ಅವಳು ಚಪ್ಪಲಿ ಕಳಚಿಟ್ಟು ಬಾಗಿಲ ಹೊಸ್ತಿಲ ಮೇಲೇ ಕೂತುಬಿಟ್ಟಳು.

ಆಮೇಲೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಗ್ರಾಹಕರ ದೂರು ಕಚೇರಿಗೆ ಹೋಗಿ ದೂರು ಬರೆದೆವು. ರಶೀದಿ ಎಲ್ಲಿ ಎಂದರು. ಕಳಿಸಿದಾಗ ಎಷ್ಟು ತೂಕವಿತ್ತು ಎಂಬುದಕ್ಕೆ ಸಾಕ್ಷಿ ಏನು ಎಂದರು. ದೊಡ್ಡಮ್ಮ ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು, "ಇದೇ ಸಾಕ್ಷಿ," ಎಂದಳು. ಅಲ್ಲಿದ್ದ ಗುಮಾಸ್ತ ಕೆಟ್ಟವನಲ್ಲ. ನಗಲಿಲ್ಲ, ಆದರೆ ಬರೆದುಕೊಳ್ಳಲೂ ಇಲ್ಲ. ಕಳಿಸುವ ಮುಂಚೆ ಒಂದು ಫೋಟೋ ತೆಗೆದಿದ್ದರೂ ಆಗುತ್ತಿತ್ತು ಎಂದ. ನನ್ನ ಫೋನಿನಲ್ಲಿ ಬೆಕ್ಕಿನ ಫೋಟೋ ನೂರಿವೆ, ಅಜ್ಜಿಯ ಉಂಗುರದ್ದು ಒಂದೂ ಇಲ್ಲ. ಚೆಕ್ಕನ್ನು ದೊಡ್ಡಮ್ಮ ಬ್ಯಾಂಕಿಗೆ ಹಾಕಲಿಲ್ಲ. ಅದು ಕ್ಯಾಲೆಂಡರಿನ ಹಿಂದೆ ಮೊಳೆಗೆ ಸಿಕ್ಕಿಸಿದ್ದು ಹಾಗೇ ಹಳತಾಯಿತು.

ವಿಷಯ ದೊಡ್ಡಪ್ಪನಿಗೆ ನಾನೇ ಬರೆದು ತೋರಿಸಿದೆ, ಕೂಗಿ ಹೇಳುವ ವಿಷಯವಾಗಿರಲಿಲ್ಲ. ಓದಿ ಅವರು ಕನ್ನಡಕ ತೆಗೆದರು. "ಕಿವಿ ಬೇಡ ಅಂತ ನಾನು ಎಷ್ಟು ಸಲ ಹೇಳಿದೀನಿ," ಎಂದರು ಹೆಂಡತಿಗೆ. "ನಿನಗೆ ಕೇಳಿಸ್ಲಿಲ್ವಾ?" ಡಬ್ಬಿ ತಿರುಗಿಸಿದ್ದು ತಾನು ಎಂದು ತಿಳಿದ ಮೇಲೆ ಅವರು ಮೂರು ದಿನ ರೇಡಿಯೋ ಹಾಕಲಿಲ್ಲ.

ಅಜ್ಜಿ ಹೋದ ತಾರೀಖಿಗೆ ಇನ್ನು ಹನ್ನೆರಡು ದಿನವಿತ್ತು. ಅಮ್ಮನಿಗೆ ಫೋನಿನಲ್ಲೇ ಹೇಳಿಬಿಡು ಎಂದೆ. ಕೇಳಲಿಲ್ಲ. ಕೈಯಿಂದ ಕೈಗೆ ಕೊಡಬೇಕಾದ್ದನ್ನು ಫೋನಿನಲ್ಲಿ ಹೇಗೆ ಇಲ್ಲ ಎನ್ನಲಿ ಎಂದಳು. ಆ ಹನ್ನೆರಡು ದಿನ ಅವಳು ಅನ್ನ ತಿಂದಿದ್ದು ಅಷ್ಟಕ್ಕಷ್ಟೇ.

ಅಮ್ಮ ರೈಲು ಇಳಿದು ಬಂದಳು. ಸಂಭ್ರಮದಲ್ಲಿದ್ದಳು. ಮೊಮ್ಮಗು ಬರುವ ವರ್ಷ, ಉಂಗುರವೂ ತನ್ನ ಕೈಗೆ ಬರುವ ವರ್ಷ, ಮಗುವಿಗೆ ಮೊದಲ ಸ್ನಾನ ಮಾಡಿಸುವಾಗ ಅಜ್ಜಿಯ ಉಂಗುರ ತನ್ನ ಕೈಯಲ್ಲಿರಬೇಕು ಎಂದು ಎಷ್ಟು ಸಲ ಹೇಳಿದ್ದಳೋ. ಕಾಫಿ ಲೋಟ ಕೆಳಗಿಟ್ಟು, ನಗುತ್ತಾ ಬಲಗೈ ಚಾಚಿದಳು.

"ಕೊಡು ಅಕ್ಕಾ, ನನ್ನ ಪಾರ್ಸೆಲ್ಲು."

ದೊಡ್ಡಮ್ಮ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೇಳಿದಳು. ಮುಚ್ಚುಮರೆ ಮಾಡದೆ, ಜಾಹೀರಾತಿನಿಂದ ಕರಗಿಸಿದ ಸಂಜೆಯ ತನಕ, ದೂರು ಕೊಡಲು ಬಂದ ಗಿರಾಕಿಯಂತೆ ಒಂದಾದ ಮೇಲೊಂದು ಹೇಳಿ ಮುಗಿಸಿದಳು.

ಅಮ್ಮನ ನಗು ಮುಖದ ಮೇಲೆ ಹಾಗೇ ಇತ್ತು. ಇಳಿಸುವುದು ಮರೆತುಹೋಗಿತ್ತು. ಅದನ್ನು ನೋಡಿ ನನಗೆ ಭಯವಾಯಿತು. ಅವಳು ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಏಳು ವರ್ಷ ನಿನ್ನ ಹತ್ರ ಇತ್ತಲ್ಲ ಅಕ್ಕಾ," ಎಂದಳು ಕೊನೆಗೆ. "ಒಂದ್ಸಲಾನೂ ತೆಗೆದು ನೋಡಬೇಕು ಅನ್ನಿಸ್ಲಿಲ್ವಾ?"

ಜೋಪಾನ ಮಾಡಿದ್ದೆ ಎಂದು ದೊಡ್ಡಮ್ಮ ಹೇಳಬಹುದಿತ್ತು, ಅದು ನಿಜವೂ ಹೌದು. ಅಮ್ಮನ ಕೈ ಬಿಟ್ಟಳು. ಅಮ್ಮ ಆ ಸಂಜೆಯ ರೈಲಿಗೇ ಹೊರಟುಹೋದಳು. ಅದಾದ ಮೇಲೆ ನನಗೆ ದಿನಾ ಫೋನ್ ಮಾಡುತ್ತಿದ್ದಳು, ಅಕ್ಕನಿಗೆ ಕೊಡು ಎಂದು ಮಾತ್ರ ಹೇಳಲಿಲ್ಲ. ಹುಟ್ಟಿದಾಗಿನಿಂದ ಹೀಗೆ ಮಾತು ಬಿಟ್ಟವರಲ್ಲ ಅವರು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು.

ಒಂದು ದಿನ ಕೆಳಗೆ ಇಳಿದಾಗ ಕಂಡದ್ದು ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿತು. ಬೀರು ಖಾಲಿ. ನೆಲದ ಮೇಲೆ ಹಳೇ ಪತ್ರಿಕೆ ಹಾಸಿ, ದೊಡ್ಡಮ್ಮ ಒಂದೊಂದೇ ಚೀಲದ ಅರಗು ಒಡೆಯುತ್ತಿದ್ದಳು. ಗುಂಡಿ ಒಂದು ಕಡೆ, ಸೂಜಿ ಒಂದು ಕಡೆ, ಕನ್ನಡಕದ ಗಾಜು ಒಂದು ಕಡೆ. ಕೆಂಪು ಅರಗಿನ ಚೂರು ಎಲ್ಲೆಲ್ಲೂ. "ಒಳಗೆ ಏನೇನಿದೆ ನೋಡ್ತಿದೀನಿ," ಎಂದಳು ತಲೆಯೆತ್ತದೆ. ಒಂದು ಚೀಲದಲ್ಲಿ ನನ್ನ ಮೊದಲ ಹಲ್ಲು ಸಿಕ್ಕಿತು. ಅದು ಅಲ್ಲಿದೆ ಎಂದು ಅವಳಿಗೇ ನೆನಪಿರಲಿಲ್ಲ.

ಒಂಬತ್ತು ತಿಂಗಳಾಗಲು ನಾಲ್ಕು ದಿನ ಬಾಕಿ ಇರುವಾಗಲೇ ನನಗೆ ನೋವು ಬಂತು. ಬೆಳಗ್ಗೆ ಹತ್ತಕ್ಕೆ ಹೆಣ್ಣು ಹುಟ್ಟಿತು. ಅಮ್ಮ ಬಂದಿದ್ದಳು, ದೊಡ್ಡಪ್ಪನೂ ನನ್ನ ಗಂಡನೂ ಬಾಗಿಲ ಬಳಿ ನಿಂತಿದ್ದರು. ದೊಡ್ಡಮ್ಮ ಎಲ್ಲರಿಗಿಂತ ಹಿಂದೆ, ಗೋಡೆಗೆ ಅಂಟಿಕೊಂಡು. ಒಳಗೆ ಬರಬಹುದೋ ಇಲ್ಲವೋ ಎಂಬಂತೆ ಅಮ್ಮನ ಕಡೆಯೇ ನೋಡುತ್ತಿದ್ದಳು.

ನರ್ಸು ಮಗುವನ್ನು ಬಿಳಿ ಬಟ್ಟೆಯಲ್ಲಿ ಮೂಗಿನ ತನಕ ಸುತ್ತಿ ತಂದು ಅಮ್ಮನ ಕೈಗಿಟ್ಟಳು. ಅಮ್ಮ ಒಂದು ಗಳಿಗೆ ಹಿಡಿದುಕೊಂಡಿದ್ದಳು. ಆಮೇಲೆ ಕೋಣೆ ದಾಟಿ ಹೋಗಿ ಆ ಕಟ್ಟನ್ನು ಅಕ್ಕನ ಕೈಯಲ್ಲಿಟ್ಟಳು.

ನಾವೆಲ್ಲ ದೊಡ್ಡಮ್ಮನ ಬಾಯಿ ನೋಡುತ್ತಿದ್ದೆವು. ಕೈ ಈಗ ಏರುತ್ತದೆ, ಇಳಿಯುತ್ತದೆ, ಗ್ರಾಂ ಹೇಳುತ್ತಾಳೆ. ಕೈ ಅಲುಗಲಿಲ್ಲ. ಆ ಕೈಗೆ ಏನಾಯಿತು?

"ಎಷ್ಟಿದೆ ಅಕ್ಕಾ?" ಎಂದಳು ಅಮ್ಮ. ಒಂದು ತಿಂಗಳ ಮೇಲೆ ಆಡಿದ ಮೊದಲ ಮಾತು.

ದೊಡ್ಡಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಮಗುವನ್ನು ತೊಡೆಯ ಮೇಲಿಟ್ಟುಕೊಂಡಳು. "ತೂಕ ನರ್ಸಮ್ಮ ಹೇಳ್ತಾರೆ," ಎಂದಳು. "ತಡಿ, ನಾನಿನ್ನೂ ನೋಡಿಲ್ಲ." ಮಗುವಿನ ಗಲ್ಲದ ಕೆಳಗಿನ ಬಟ್ಟೆಯ ತುದಿ ಹುಡುಕಿ, ನಿಧಾನವಾಗಿ ಬಿಡಿಸತೊಡಗಿದಳು.